ಗ್ರಹಣದಲ್ಲಿ ಹೆಣೆದ ಮೊಲ

ನನ್ನ ಮಗಳ ಮೇಲ್ದುಟಿಯ ಎಡಬದಿಗೆ ಒಂದು ಸಣ್ಣ ಗೆರೆ ಇದೆ. ಮೂಗಿನ ಹೊಳ್ಳೆಯಿಂದ ಇಳಿದು ತುಟಿಯ ಅಂಚಿಗೆ ಬಂದು ನಿಲ್ಲುತ್ತದೆ. ಹುಟ್ಟುವಾಗ ಅಲ್ಲಿ ಸೀಳಿತ್ತು, ವೈದ್ಯರು ಹೊಲಿದು ಸರಿ ಮಾಡಿದರು. ಇಷ್ಟೇ ವಿಷಯ. ಆದರೆ ಶಹಾಬಾದಿನ ನಮ್ಮ ಓಣಿಯಲ್ಲಿ ಈ ಇಷ್ಟೇ ವಿಷಯಕ್ಕೂ ಒಂದು ಕಾರಣ ಬೇಕಿತ್ತು, ಕಾರಣಕ್ಕೆ ಒಬ್ಬ ಹೆಂಗಸು ಬೇಕಿದ್ದಳು. ಆ ಹೆಂಗಸು ನಾನಾದೆ.

ಇದನ್ನೆಲ್ಲ ಸಹಿಸಿಕೊಂಡು ಬಂದೆ ಎಂದು ಬರೆದರೆ ಸುಳ್ಳಾಗುತ್ತದೆ. ಸಹಿಸುವುದು ನನ್ನ ಸ್ವಭಾವದಲ್ಲಿಲ್ಲ. ಬಾಯಿ ಬಿಟ್ಟವರಿಗೆಲ್ಲ ಅಲ್ಲಲ್ಲೇ ಉತ್ತರ ಕೊಟ್ಟಿದ್ದೇನೆ, ಇಬ್ಬರು ಮೂವರು ಇವತ್ತಿಗೂ ನನ್ನನ್ನು ಕಂಡರೆ ದಾರಿ ಬದಲಿಸುತ್ತಾರೆ. ಒಂದು ಪ್ರಶ್ನೆಗೆ ಮಾತ್ರ ನನ್ನ ಹತ್ತಿರ ಉತ್ತರವಿರಲಿಲ್ಲ. ಅದನ್ನು ಕೇಳಿದವಳು ನನ್ನ ಮಗಳು. ನಾನೇ ಅವಳ ಮುಖ ಕೆಡಿಸಿದೆ ಎಂದು ಅವಳು ನಂಬಿ ಬೆಳೆಯುತ್ತಾಳೋ ಏನೋ ಎಂಬ ಭಯ ಅವತ್ತು ಹುಟ್ಟಿತು. ಊರು ಏನಾದರೂ ನಂಬಿಕೊಳ್ಳಲಿ. ಅವಳು ನಂಬಬಾರದಿತ್ತು.

ಮೊದಲಿನಿಂದ ಹೇಳುತ್ತೇನೆ.

ಆ ವರ್ಷ ಎಳ್ಳ ಅಮಾವಾಸ್ಯೆಯ ದಿನವೇ ಸೂರ್ಯಗ್ರಹಣ ಬಿದ್ದಿತ್ತು. ನಮ್ಮ ಕಡೆ ಎಳ್ಳ ಅಮಾವಾಸ್ಯೆ ಎಂದರೆ ಕಾಳು, ಸೊಪ್ಪು ಕೂಡಿಸಿ ಬೇಯಿಸಿದ ಭಜ್ಜಿ, ಸಜ್ಜೆ ರೊಟ್ಟಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಉಣ್ಣುವ ಹಬ್ಬ. ಹೊಲ ಇಲ್ಲದವರನ್ನು ಹೊಲ ಇದ್ದವರು ಕರೆಯುತ್ತಾರೆ. ಆ ಸಲ ಬೆಳಿಗ್ಗೆಯೇ ಗ್ರಹಣ ಹಿಡಿಯುವುದಿತ್ತು, ಹೀಗಾಗಿ ಎಲ್ಲರೂ ಮಧ್ಯಾಹ್ನದ ಮೇಲೆ ಹೊರಡುವುದೆಂದಾಯಿತು. ನನಗೆ ಆರನೆಯ ತಿಂಗಳು ನಡೆಯುತ್ತಿತ್ತು. ನನಗಂತೂ ಹೊಲವೂ ಇಲ್ಲ, ಓಣಿಯೂ ಇಲ್ಲ, ಒಳಕೋಣೆ ಮಾತ್ರ ಎಂದು ಅತ್ತೆ ಹಿಂದಿನ ದಿನವೇ ಹೇಳಿಬಿಟ್ಟಿದ್ದರು.

ಗ್ರಹಣ ಬಂದರೆ ನಮ್ಮ ಮನೆಯಲ್ಲಿ ಒಂದು ಪದ್ಧತಿ ನಡೆಯುತ್ತದೆ. ಮನೆಯಲ್ಲಿ ಬಸುರಿ ಇರಲಿ ಬಿಡಲಿ, ಚಾಕು, ಕತ್ತರಿ, ಇಳಿಗೆ, ಸೂಜಿ, ಕೊನೆಗೆ ಯಜಮಾನರ ಗಡ್ಡದ ಬ್ಲೇಡು ಕೂಡ ಅತ್ತೆಯ ಕಬ್ಬಿಣದ ಟ್ರಂಕಿಗೆ ಹೋಗುತ್ತವೆ. ಅತ್ತೆ ಕೌದಿ ಹೊಲಿಯುವುದರಲ್ಲಿ ಪಳಗಿದವರು, ಅವರ ಸೆರಗಿನಲ್ಲಿ ವರ್ಷವಿಡೀ ಒಂದು ಸೂಜಿ ಚುಚ್ಚಿಕೊಂಡೇ ಇರುತ್ತದೆ. ಗ್ರಹಣದ ದಿನ ಅದೂ ಇಳಿಯುತ್ತದೆ. ಟ್ರಂಕಿಗೆ ಬೀಗ ಬೀಳುತ್ತದೆ, ಬೀಗದ ಕೈ ಅವರ ಸೊಂಟದ ಸಂಚಿಗೆ ಸೇರುತ್ತದೆ. ಗ್ರಹಣ ಬಿಡುವ ತನಕ ಆ ಮನೆಯಲ್ಲಿ ಒಂದು ಮೆಣಸಿನಕಾಯಿಯ ತೊಟ್ಟನ್ನೂ ಯಾರೂ ಕತ್ತರಿಸುವುದಿಲ್ಲ.

"ಗ್ರಹಣ ಬಿಡೋ ತನಾ ಕಾಲು ಚಾಚಿ ನೀಟ ಮಲಕೋಬೇಕು" ಎಂದರು ಅತ್ತೆ. "ಕೈ ಮಡಚಬ್ಯಾಡ, ಮೈ ಕೆರಕೋಬ್ಯಾಡ. ಕೂಸಿಗಿ ಹತ್ತತಾದ."

"ಆಯ್ತ್ರಿ ಅತ್ತಿ" ಎಂದೆ.

ಕಿಟಕಿಗೆ ಎರಡು ಕೌದಿ ಬಿಗಿದು, ಬಾಗಿಲು ಮುಂದೆ ಮಾಡಿ ಅವರು ಹೊರಗೆ ಹೋದರು. ಮೂರು ಗಂಟೆ ಕತ್ತಲಲ್ಲಿ ಕೋಲಿನ ಹಾಗೆ ಬಿದ್ದುಕೊಳ್ಳುವುದೆಂದರೆ ಏನು ಎಂಬುದು ಅನುಭವಿಸಿದವರಿಗೇ ಗೊತ್ತು. ಹೊಟ್ಟೆಯೊಳಗೆ ಕೂಸು ಒದೆಯುತ್ತಿತ್ತು, ನನಗೋ ಕೈ ಮಡಚಲು ಅಪ್ಪಣೆಯಿಲ್ಲ. ದಿಂಬಿನ ಕೆಳಗೆ ನನ್ನ ಚೀಲವಿತ್ತು. ಅದರಲ್ಲಿ ಉಲ್ಲನ್ ದಾರದ ಉಂಡೆ, ಒಂದು ಕ್ರೋಶಾ ಕಡ್ಡಿ, ಅರ್ಧ ಮುಗಿದ ಒಂದು ಮೊಲ ಇದ್ದವು. ಆ ಕಡ್ಡಿ ಟ್ರಂಕಿಗೆ ಹೋಗಿರಲಿಲ್ಲ. ಅದಕ್ಕೆ ಮೊನೆಯಿಲ್ಲ, ತುದಿಯಲ್ಲಿ ಒಂದು ಕೊಕ್ಕೆ ಇದೆ ಅಷ್ಟೇ. ಅತ್ತೆಯ ಲೆಕ್ಕದಲ್ಲಿ ಮೊನೆಯಿದ್ದದ್ದು ಮಾತ್ರ ಸೂಜಿ.

ಕ್ರೋಶಾ ಕಲಿತದ್ದು ಸೇಡಂನಲ್ಲಿ, ಮಾಸ್ತರಿಕೆಯ ತರಬೇತಿಗಾಗಿ ಹಾಸ್ಟೆಲಿನಲ್ಲಿದ್ದಾಗ. ಪಕ್ಕದ ಮಂಚದ ಹುಡುಗಿ ಬಾಗಿಲ ತೋರಣ, ಟಿ.ವಿ.ಗೆ ಹೊದಿಸುವ ಬಟ್ಟೆ, ಇಂಥವನ್ನು ಹೆಣೆಯುತ್ತಿದ್ದಳು. ಅವಳಿಂದ ಕೈಗೆ ಬಂತು. ಬೊಂಬೆ ಮಾಡಲು ಹೊರಟದ್ದು ಬಸುರಿಯಾದ ಮೇಲೆ, ಮೊಬೈಲಿನಲ್ಲಿ ನೋಡಿಕೊಂಡು. ಆರು ಕುಣಿಕೆಯ ಒಂದು ಉಂಗುರದಿಂದ ಶುರು ಮಾಡಬೇಕು, ಮುಂದಿನ ಸುತ್ತಿಗೆ ಹನ್ನೆರಡು, ಅದರ ಮುಂದಿನದಕ್ಕೆ ಹದಿನೆಂಟು. ಬಿಗಿಯಾಗಿ ಹೆಣೆಯಬೇಕು, ಸಡಿಲಾದರೆ ಒಳಗಿನ ಹತ್ತಿ ಹೊರಗೆ ಇಣುಕುತ್ತದೆ. ಹುಟ್ಟದ ಕೂಸಿಗೆ ಏನನ್ನೂ ಮಾಡಿಡಬಾರದು ಎನ್ನುವ ಮಾತು ನಮ್ಮಲ್ಲಿದೆ. ಅದನ್ನು ನಾನು ಆಗಲೇ ಗಾಳಿಗೆ ತೂರಿದ್ದೆ. ಹಾಗಾಗಿ ಇನ್ನೊಂದನ್ನು ತೂರುವುದು ಕಷ್ಟವಾಗಲಿಲ್ಲ.

ಕತ್ತಲಲ್ಲಿ ಬೆರಳ ತುದಿಯಿಂದಲೇ ಕುಣಿಕೆ ಎಣಿಸುತ್ತಾ ಹೆಣೆದೆ. ತಲೆ ಮೊದಲೇ ಆಗಿತ್ತು, ಅವತ್ತು ಮೈ ಮುಗಿಯಿತು. ಗ್ರಹಣ ಬಿಟ್ಟ ಮೇಲೆ ಸ್ನಾನಕ್ಕೆ ಎಬ್ಬಿಸಲು ಅತ್ತೆ ಬಾಗಿಲು ತೆರೆದಾಗ ಮೊಲ ನನ್ನ ಹೊಟ್ಟೆಯ ಮೇಲೆ ಕೂತಿತ್ತು.

ಅತ್ತೆ ಕೂಗಾಡಲಿಲ್ಲ. ಬಾಗಿಲಲ್ಲೇ ನಿಂತು, "ಏನ್ ಮಾಡ್ದಿ ಇದು" ಎಂದರು. ಆಮೇಲೆ ನನಗೆ ತಲೆಯ ಮೇಲಿಂದ ನೀರು ಹಾಕಿ, ಭಜ್ಜಿ ಬಡಿಸಿ, ತಾವು ಮಾತ್ರ ಸರಿಯಾಗಿ ಉಣ್ಣದೆ ಎದ್ದರು.

ಕೂಸು ಹುಟ್ಟುವ ಹೊತ್ತಿಗೆ ಲಾಕ್‌ಡೌನ್ ಬಿದ್ದಿತ್ತು. ನನ್ನ ತವರು ಚಿಂಚೋಳಿ ಕಡೆ. ಬಾಣಂತನಕ್ಕೆ ಅಲ್ಲಿಗೆ ಹೋಗುವುದಿತ್ತು, ಹೋಗಲಾಗಲಿಲ್ಲ. ನರ್ಸು ಕೂಸನ್ನು ಬಟ್ಟೆಯಲ್ಲಿ ಸುತ್ತಿ ತಂದು ತೋರಿಸಿದಾಗ ನನ್ನ ಪಕ್ಕದಲ್ಲಿದ್ದವರು ಅತ್ತೆ ಒಬ್ಬರೇ. ಅವರು ಬಾಗಿ ನೋಡಿದರು. ಬಾಯಿಂದ ಬಂದದ್ದು ಒಂದೇ ಶಬ್ದ, "ಮೊಲ."

ಬಸ್ಸು ನಿಂತಿತ್ತು, ರೈಲು ನಿಂತಿತ್ತು, ಆದರೆ ಆ ಮಾತು ನಿಲ್ಲಲಿಲ್ಲ. ಫೋನಿನಲ್ಲೇ ಚಿತ್ತಾಪುರದ ನಾದಿನಿಯ ಮನೆ ಮುಟ್ಟಿತು, ಅಲ್ಲಿಂದ ಕಾಳಗಿಯ ಬೀಗರನ್ನು ಮುಟ್ಟಿತು, ತಿರುಗಿ ನಮ್ಮ ಓಣಿಗೇ ಬಂತು. ಗ್ರಹಣದಾಗ ಮೊಲಾ ಹೆಣದಾಳ, ಮೊಲದ ತುಟಿನೇ ಬಂದಾದ. ಬರೀ ಸೂಜಿ ಹಿಡಿದಿದ್ದರೆ ಇಷ್ಟು ರುಚಿ ಇರುತ್ತಿರಲಿಲ್ಲ. ಹೆಣೆದದ್ದೂ ಮೊಲ, ಬಂದದ್ದೂ ಮೊಲದ ತುಟಿ, ಇನ್ನೇನು ಬೇಕು ಸಾಕ್ಷಿಗೆ. ಅದೇ ನಾನು ಗಿಳಿ ಹೆಣೆದಿದ್ದರೆ ಇವರು ಏನು ಹೇಳುತ್ತಿದ್ದರೋ ಎಂದು ಎಷ್ಟೋ ಸಲ ಯೋಚಿಸಿದ್ದೇನೆ.

ನಾನು ಸರಕಾರಿ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವವಳು. ಕೂಸಿನ ತುಟಿ ಕೂಡಿಕೊಳ್ಳುವುದು ಬಸುರಿನ ಎರಡನೆಯ ತಿಂಗಳಲ್ಲಿ. ಗ್ರಹಣದ ದಿನ ನನಗೆ ಆರು ತಿಂಗಳು. ಅಂದರೆ ಆ ತುಟಿ ಸೀಳಿಕೊಂಡೇ ಉಳಿದು ಆಗಲೇ ನಾಲ್ಕು ತಿಂಗಳಾಗಿತ್ತು. ನಾನು ಕಡ್ಡಿ ಹಿಡಿಯದೆ ಗರ್ಭಗುಡಿಯಲ್ಲಿ ಕೂತಿದ್ದರೂ ಅದು ಹಾಗೇ ಇರುತ್ತಿತ್ತು. ಇದನ್ನು ನೋಡಲು ಬಂದವರಿಗೆಲ್ಲ ಬಾಣಂತಿ ಮಂಚದ ಮೇಲಿಂದಲೇ ವಿವರಿಸಿದೆ, ಒಬ್ಬಾಕೆಗೆ ಕಾಗದದ ಮೇಲೆ ಚಿತ್ರ ಬರೆದೂ ತೋರಿಸಿದೆ. ಎಲ್ಲರೂ ತಲೆಯಾಡಿಸಿದರು. "ಖರೇ ಅದರಿ ಟೀಚರ್, ಆದ್ರೂ" ಎಂದು ಅಲ್ಲಿಗೇ ಬಿಟ್ಟರು. ಆ 'ಆದ್ರೂ' ಎನ್ನುವುದರ ಮುಂದೆ ನನ್ನ ಪಾಠವೆಲ್ಲ ನೀರಿನಲ್ಲಿ ಹೋಯಿತು.

ಅತ್ತೆಯ ಬಗ್ಗೆ ಇನ್ನೊಂದು ಮಾತನ್ನೂ ಬರೆಯಬೇಕು, ಬರೆಯದಿದ್ದರೆ ಅನ್ಯಾಯವಾಗುತ್ತದೆ. ಕೂಸಿಗೆ ಮೊಲೆ ಹಿಡಿದು ಎಳೆಯಲು ಬರುತ್ತಿರಲಿಲ್ಲ. ಹಾಲು ಹಿಂಡಿ, ಸಣ್ಣ ಬೆಳ್ಳಿ ಚಮಚದಲ್ಲಿ ಹನಿಹನಿಯಾಗಿ ಬಾಯಿಯ ಬಲಮೂಲೆಗೆ ಹಾಕಬೇಕಾಗುತ್ತಿತ್ತು. ಒಂದು ಸಲ ಉಣಿಸಲು ಒಂದು ಗಂಟೆ ಹಿಡಿಯುತ್ತಿತ್ತು. ನನಗೆ ಅಳು ಬರುತ್ತಿತ್ತು, ಸಿಟ್ಟು ಬರುತ್ತಿತ್ತು, ತಾಳ್ಮೆ ಮಾತ್ರ ಬರುತ್ತಿರಲಿಲ್ಲ. ಆ ಕೆಲಸ ಮಾಡಿದವರು ಅತ್ತೆ. ದಿನಕ್ಕೆ ಎಂಟು ಹತ್ತು ಸಲ, ತಿಂಗಳುಗಟ್ಟಲೆ, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಒಂದು ಹನಿ ಚೆಲ್ಲದೆ ಉಣಿಸಿದರು. ಉಣಿಸಿದ ಕೈಯೂ ಅವರದೇ, ಆಡಿದ ಬಾಯಿಯೂ ಅವರದೇ. ಎರಡನ್ನೂ ಬೇರೆ ಮಾಡಿ ನೋಡಲು ನನಗೆ ಇವತ್ತಿಗೂ ಬಂದಿಲ್ಲ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಗ್ರಹಣದಲ್ಲಿ ಹೆಣೆದದ್ದು ತಪ್ಪಲ್ಲ. ತಪ್ಪು ಬೇರೆ.

ಶಸ್ತ್ರಚಿಕಿತ್ಸೆ ಮೂರನೆಯ ತಿಂಗಳಿಗೆ ಆಗಬೇಕಿತ್ತು, ಲಾಕ್‌ಡೌನಿನ ಗದ್ದಲದಲ್ಲಿ ಮುಂದಕ್ಕೆ ಹೋಗುತ್ತಾ ಒಂಬತ್ತಕ್ಕೆ ಬಂತು. ಕಲಬುರಗಿಯ ಆಸ್ಪತ್ರೆಗೆ ಹೊರಡುವ ದಿನ ಬೆಳಿಗ್ಗೆ ಬಟ್ಟೆ ತುಂಬುತ್ತಿದ್ದಾಗ ಆ ಮೊಲ ಕೈಗೆ ಸಿಕ್ಕಿತು. ಒಂದು ಕಿವಿ ಬಾಕಿ ಇತ್ತು, ಬಾಯಿ ಬಾಕಿ ಇತ್ತು. ಕ್ರೋಶಾದಲ್ಲಿ ಬಿಚ್ಚುವುದು ಬಹಳ ಸುಲಭ. ಒಂದು ತುದಿ ಹಿಡಿದು ಎಳೆದರೆ ಸಾಕು, ತಿಂಗಳ ಕೆಲಸ ನಿಮಿಷದಲ್ಲಿ ಬಿಚ್ಚಿಕೊಂಡು ಬರುತ್ತದೆ. ನಾನು ಎಳೆದೆ. ಕೊನೆಯ ಉಂಗುರದ ತನಕ ಎಳೆದು, ದಾರವನ್ನು ಉಂಡೆ ಸುತ್ತಿ, ಕಡ್ಡಿಯ ಜೊತೆ ಒಂದು ಹಳೆಯ ಹಾಲಿನ ಪುಡಿಯ ಡಬ್ಬಿಗೆ ತುರುಕಿ, ಕಪಾಟಿನ ಮೇಲೆ ಗೋಡೆಗೆ ತಾಗಿಸಿ ಇಟ್ಟೆ. ಯಾರೂ ಹೇಳಿರಲಿಲ್ಲ. ಅತ್ತೆಯೂ ಹೇಳಿರಲಿಲ್ಲ. ಕೂಸಿಗೆ ಮತ್ತಿನ ಔಷಧ ಕೊಟ್ಟು ಕತ್ತರಿ ಹಿಡಿಯುತ್ತಾರೆ, ಎಲ್ಲ ಸರಿಹೋಗಲಿ, ಒಂದು ವೇಳೆ ಅವರು ಹೇಳುವುದೇ ನಿಜವಾಗಿದ್ದರೆ ಎಂದು ಆ ಕ್ಷಣದಲ್ಲಿ ನಾನೂ ನಂಬಿದೆ. ಹಲಗೆಯ ಮೇಲೆ ಚಿತ್ರ ಬರೆದು ಪಾಠ ಮಾಡುವ ನಾನು. ಆ ಡಬ್ಬಿ ಐದು ವರ್ಷ ಅಲ್ಲೇ ಕೂತಿತ್ತು, ಐದು ವರ್ಷ ನಾನು ಒಂದು ಕುಣಿಕೆಯನ್ನೂ ಹೆಣೆಯಲಿಲ್ಲ. ಹೊರಗೆ ಜಗಳ, ಒಳಗೆ ಡಬ್ಬಿ.

ಮಗಳು ಒಂದನೆಯ ತರಗತಿಗೆ ಸೇರಿದ ವರ್ಷ, ಒಂದು ಸಂಜೆ ಶಾಲೆಯಿಂದ ಬಂದವಳು ಚೀಲವನ್ನೂ ಇಳಿಸದೆ ಅಡುಗೆಮನೆಯ ಬಾಗಿಲಲ್ಲಿ ನಿಂತಳು. ತರಗತಿಯಲ್ಲಿ ಅವಳಿಗೆ ಮೊಲ ಎಂದು ಹೆಸರಿಟ್ಟಿದ್ದರು. ಯಾರದೋ ಮನೆಯ ಅಜ್ಜಿ ಯಾವುದೋ ಮಗುವಿಗೆ ಕಥೆ ಹೇಳಿದ್ದಳು, ಮಗು ಅದನ್ನು ತರಗತಿಗೆ ತಂದಿತ್ತು.

"ಅವ್ವಾ, ನಾ ಹೊಟ್ಟ್ಯಾಗ ಇದ್ದಾಗ ನೀ ಮೊಲಾ ಮಾಡಿದ್ದಂತ. ಅದಕ್ಕ ನನ್ನ ತುಟಿ ಹರದಾದಂತ. ಖರೇನಾ?"

ಕೈ ಒರೆಸಿಕೊಂಡು ಅವಳನ್ನು ಕಟ್ಟೆಯ ಮೇಲೆ ಕೂರಿಸಿ, ಅವಳಿಗೆ ತಿಳಿಯುವ ಹಾಗೆ ಎಲ್ಲ ಹೇಳಿದೆ. ಕೂಸು ಹೊಟ್ಟೆಯಲ್ಲಿ ಹೇಗೆ ಬೆಳೆಯುತ್ತದೆ, ತುಟಿ ಯಾವಾಗ ಕೂಡುತ್ತದೆ, ಗ್ರಹಣ ಎಂದರೆ ಬರೀ ನೆರಳು. ಮಗಳು ಜಾಣೆ, ಪೂರ್ತಿ ಕೇಳಿಸಿಕೊಂಡಳು.

"ಮತ್ತ ಆ ಮೊಲ ಎಲ್ಲದ?"

"ಬಿಚ್ಚಿಬಿಟ್ಟೆ."

"ಗೊತ್ತದ. ಕಪಾಟಿನ ಮ್ಯಾಲ ಡಬ್ಬ್ಯಾಗ ದಾರ ಅದ, ಕಡ್ಡಿ ಅದ. ಕುರ್ಚಿ ಹತ್ತಿ ನೋಡೀನಿ." ಬೆನ್ನಿನ ಚೀಲ ಇಳಿಸಿ ಕೇಳಿದಳು, "ನಿಂದೇನೂ ತಪ್ಪಿಲ್ಲಂದ್ರ ಯಾಕ ಮುಚ್ಚಿಟ್ಟಿ?"

ಒಲೆಯ ಮೇಲೆ ಬೇಳೆ ಉಕ್ಕುತ್ತಿದೆ ಎಂದು ಎದ್ದು ಹೋದೆ. ಬೇಳೆ ಉಕ್ಕುತ್ತಿರಲಿಲ್ಲ.

ಮರುದಿನದಿಂದ ಮಗಳು ಮಾತಾಡುವಾಗ ಬಾಯಿಗೆ ಎಡಗೈ ಅಡ್ಡ ಹಿಡಿಯತೊಡಗಿದಳು. ಮನೆಗೆ ಯಾರಾದರೂ ಬಂದರೆ ಕೈ, ಓದುವಾಗ ಪುಸ್ತಕ, ಏನೂ ಸಿಗದಿದ್ದರೆ ಫ್ರಾಕಿನ ಕಾಲರು. ನನ್ನ ಜೊತೆ ಮಾತಾಡುವಾಗಲೂ ಆ ಕೈ ಮೇಲೆ ಬಂತು. ಅದನ್ನು ನೋಡಿದ ದಿನ ನನ್ನ ಮೈ ಉರಿಯಿತು. ಓಣಿಯ ಮೇಲೆ ಉರಿದದ್ದಕ್ಕಿಂತ ಹೆಚ್ಚು ನನ್ನ ಮೇಲೆಯೇ ಉರಿಯಿತು. ಕುರ್ಚಿ ಹಾಕಿಕೊಂಡು ಡಬ್ಬಿ ಇಳಿಸಿದೆ.

ಬಿಚ್ಚಿದ ದಾರ ಗುಂಗುರು ಗುಂಗುರಾಗಿತ್ತು. ಅದನ್ನು ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಲಡಿ ಮಾಡಿ, ಕೆಳಗೆ ತಂಬಿಗೆ ಕಟ್ಟಿ ಹಗ್ಗಕ್ಕೆ ಇಳಿಬಿಟ್ಟರೆ ನೆಟ್ಟಗಾಗುತ್ತದೆ. ಹಿತ್ತಲಲ್ಲಿ ಹಾಗೆ ನೇತುಹಾಕಿದ್ದನ್ನು ಅತ್ತೆ ನೋಡಿದರು. ಕಂದು ಬಣ್ಣದ ಆ ದಾರವನ್ನು ಅವರು ಮರೆತಿರಲಿಲ್ಲ.

"ಮತ್ತ ಅದೇ ಮೊಲಾ?"

"ಹೌದ್ರಿ. ಅದೇ."

"ಹುಡುಗಿ ಮಾರಿ ನೋಡ್ಯಾದ್ರೂ ನಿನಗ ಬುದ್ಧಿ ಬರಬಾರದಾ?"

"ಅಕಿ ಮಾರಿ ನೋಡೇ ಬುದ್ಧಿ ಬಂದಾದ್ರಿ ಅತ್ತಿ. ಅದಕ್ಕೇ ಹೆಣಿಲಿಕತ್ತೀನಿ."

ಅವರು ತಂಬಿಗೆಯನ್ನು ಒಮ್ಮೆ ನೋಡಿ, ಅದು ದೇವರ ನೀರಿಗೆ ಇಟ್ಟ ತಂಬಿಗೆ ಎಂದು ಬೈದು ಒಳಗೆ ಹೋದರು. ಅದಂತೂ ನಿಜ, ಬೇರೆ ತಂಬಿಗೆ ಕಟ್ಟಿದೆ.

ದಾರ ಕಿವಿಗೆ ಸಾಲುವಂತಿರಲಿಲ್ಲ. ತವರಿಗೆ ಹೋಗಿ ಬರುವಾಗ ಸೇಡಂನಲ್ಲಿ ಇಳಿದು, ಹಾಸ್ಟೆಲಿನ ಕಾಲದಿಂದ ಗೊತ್ತಿದ್ದ ಅಂಗಡಿಗೆ ಮಗಳನ್ನು ಕರೆದುಕೊಂಡು ಹೋದೆ. ಅದೇ ಕಂದು ಸಿಗಲಿಲ್ಲ. ಸ್ವಲ್ಪ ತಿಳಿಯಾದದ್ದು ಸಿಕ್ಕಿತು. ಕಿವಿ ಬೇರೆ ಬಣ್ಣವಾದರೆ ನಡೆಯುತ್ತದೆಯೇ ಎಂದು ಮಗಳನ್ನು ಕೇಳಿದೆ. ಬಾಯಿಗೆ ಕೈ ಅಡ್ಡವಿಟ್ಟು, ನಡೆಯುತ್ತದೆ ಎಂದಳು.

ಹೆಣಿಗೆ ಶುರುವಾದ ಮೇಲೆ ಒಂದು ವಿಷಯ ಗಮನಿಸಿದೆ. ಉಂಡೆ ಉರುಳಿ ಸಿಕ್ಕಾಗದಂತೆ ಹಿಡಿದುಕೊಳ್ಳುವ ಕೆಲಸವನ್ನು ಮಗಳಿಗೆ ಕೊಟ್ಟಿದ್ದೆ. ಅದಕ್ಕೆ ಎರಡೂ ಕೈ ಬೇಕು. ಕುಣಿಕೆ ಎಣಿಸುವುದೂ ಅವಳದೇ ಕೆಲಸವಾಯಿತು. ಉಂಡೆಯನ್ನು ಎರಡು ಕೈಯಲ್ಲಿ ಹಿಡಿದು ದೊಡ್ಡ ದನಿಯಲ್ಲಿ ಎಣಿಸುತ್ತಿದ್ದಳು. ಹದಿನೇಳು, ಹದಿನೆಂಟು, ಸುತ್ತು ಮುಗೀತು, ಗುರುತಿಗೆ ಇಲ್ಲಿ ಪಿನ್ನು ಹಾಕು. ಬಾಯಿ ಮುಚ್ಚಿಕೊಳ್ಳಲು ಕೈಗೆ ಬಿಡುವಿರಲಿಲ್ಲ. ನಾನು ಬೇಕೆಂದೇ ನಿಧಾನ ಹೆಣೆದೆ.

ಮೈಗೆ ಮುಖ ಎಲ್ಲಿ ಕೂರಬೇಕು, ಕಿವಿ ಎಷ್ಟು ಹಿಂದೆ ಬರಬೇಕು ಎಂದು ತಿಳಿಯಲು ಒಂದು ಭಾನುವಾರ ಅವಳನ್ನು ವಾಡಿಗೆ ಕರೆದುಕೊಂಡು ಹೋದೆ. ನನ್ನ ಶಾಲೆಯ ಜೊತೆಗಾರ್ತಿಯೊಬ್ಬಳು ಅಲ್ಲಿ ರೈಲ್ವೆ ಕ್ವಾರ್ಟರ್ಸಿನಲ್ಲಿದ್ದಾಳೆ, ಹಿತ್ತಲಲ್ಲಿ ಎರಡು ಮೊಲ ಸಾಕಿದ್ದಾಳೆ. ಅವು ಮೆಂತ್ಯೆ ಸೊಪ್ಪು ತಿನ್ನುತ್ತಿದ್ದವು. ಮಗಳು ಗೂಡಿನ ಜಾಳಿಗೆಗೆ ಮುಖ ತಾಗಿಸಿ ಕೂತವಳು ಅಲುಗಲಿಲ್ಲ. ನಾವು ಚಹಾ ಕುಡಿದು ಮುಗಿಸಿದರೂ ಏಳಲಿಲ್ಲ. ಒಮ್ಮೆ ತನ್ನ ತುಟಿಯ ಗೆರೆಯನ್ನು ಬೆರಳಿನಿಂದ ಮುಟ್ಟಿ ನೋಡಿಕೊಂಡಳು. ಅಯ್ಯೋ, ಇವಳನ್ನು ಇಲ್ಲಿಗೆ ಯಾಕಾದರೂ ತಂದೆ ಎಂದು ನನ್ನನ್ನೇ ಬೈದುಕೊಂಡೆ.

ಎರಡು ವಾರದಲ್ಲಿ ಮೊಲ ಬಹುಮಟ್ಟಿಗೆ ಸಿದ್ಧವಾಯಿತು. ತುಂಬಲು ಹತ್ತಿಯನ್ನು ಹಳೆಯ ದಿಂಬಿನಿಂದ ತೆಗೆದು ಬಿಡಿಸಿ ಬಿಸಿಲಿಗೆ ಹಾಕಿದ್ದೆವು. ಕಣ್ಣಿಗೆ ಎರಡು ಕರಿ ಗುಂಡಿ ಇಟ್ಟೆ. ಒಂದು ಕಿವಿ ಕೂರಿಸುವುದು, ಬಾಯಿ ಹೊಲಿಯುವುದು, ಇವೆರಡೇ ಬಾಕಿ. ಅಷ್ಟರಲ್ಲಿ ಹೋಳಿ ಹುಣ್ಣಿಮೆಯ ಸಂಜೆ ಚಂದ್ರಗ್ರಹಣ ಎಂಬ ಸುದ್ದಿ ಬಂತು. ಚಂದ್ರ ಗ್ರಹಣ ಹಿಡಿಸಿಕೊಂಡೇ ಹುಟ್ಟುತ್ತಾನೆ, ಸ್ವಲ್ಪ ಹೊತ್ತಿಗೆ ಬಿಡುತ್ತದೆ ಎಂದು ಟಿ.ವಿ.ಯಲ್ಲಿ ಹೇಳಿದರು.

ಉಳಿದ ಕೆಲಸವನ್ನು ಆ ಸಂಜೆಗೆ ಎತ್ತಿಟ್ಟೆ. ಹಟ ಎಂದರೆ ಹಟವೇ, ಇದಕ್ಕೆ ಬೇರೆ ಹೆಸರು ಕೊಡುವುದಿಲ್ಲ.

ನನ್ನ ಯಜಮಾನರು ವಾಡಿಯ ಕಡೆ ಸಿಮೆಂಟ್ ಕಾರ್ಖಾನೆಯ ಕೆಲಸಕ್ಕೆ ಹೋಗುವವರು. ಜಗಳ ಎಂದರೆ ಅವರಿಗೆ ಆಗದು. ಪಾಳಿ ಮುಗಿಸಿ ಬಂದು, ಕಾಲು ತೊಳೆಯುತ್ತಾ ಕೇಳಿದರು, "ಗ್ರಹಣ ಬಿಟ್ಟ ಮ್ಯಾಲ ಹೊಲದ್ರ ನಡಿಯಲ್ಲೇನು?"

"ನಡಿತಾದ. ಆದ್ರ ನಾ ಹೊಲಿಯಲ್ಲ."

ಅವರು ಟವೆಲಿನಿಂದ ಮುಖ ಒರೆಸಿಕೊಂಡು, "ಆಯ್ತು ಮಹಾತಾಯಿ" ಎಂದು ಒಳಗೆ ಹೋಗಿ ಮಲಗಿದರು.

ಹೋಳಿಯ ಮಧ್ಯಾಹ್ನ ಅತ್ತೆ ನೀರಿನ ಕೊಡಗಳಿಗೆ ಗರಿಕೆ ಹಾಕಿದರು. ಟ್ರಂಕು ತೆರೆದರು. ಚಾಕು, ಇಳಿಗೆ, ಕತ್ತರಿ, ಸೆರಗಿನ ಸೂಜಿ. ಕೊನೆಗೆ ನನ್ನ ಮುಂದೆ ಬಂದು ನಿಂತು ಕ್ರೋಶಾ ಕಡ್ಡಿಗೆ ಕೈ ಚಾಚಿದರು. ಆರು ವರ್ಷದ ಹಿಂದೆ ಬಿಟ್ಟದ್ದನ್ನು ಈ ಸಲ ಬಿಡುವಂತಿರಲಿಲ್ಲ.

"ಕೊಡಲ್ರಿ" ಎಂದೆ. "ನಿಮ್ಮ ಟ್ರಂಕಿಗಿ ನೀವು ಬೀಗ ಹಾಕ್ರಿ. ಇದು ನಂದು."

ಅತ್ತೆ ನನ್ನ ಮುಖವನ್ನೇ ನೋಡಿದರು. ಬೀಗ ಹಾಕಿ, ಬೀಗದ ಕೈಯನ್ನು ಸಂಚಿಗೆ ಸೇರಿಸಿ ಹೋದರು. ಕತ್ತರಿ ಒಳಗೆ ಹೋಯಿತು. ಬಾಯಿ ಹೊಲಿಯುವ ದಪ್ಪ ಸೂಜಿ ಮಾತ್ರ ಉಳಿಯಿತು, ಅದನ್ನು ಮೊಲದ ಬೆನ್ನಿಗೇ ಚುಚ್ಚಿಟ್ಟಿದ್ದೆ.

ಸಂಜೆ ಮನೆಯ ಮುಂದಿನ ಫರ್ಸಿ ಕಲ್ಲಿನ ಕಟ್ಟೆಯ ಮೇಲೆ ಕೂತೆ. ನಮ್ಮ ಬಾಗಿಲು ಪೂರ್ವಕ್ಕಿದೆ. ಅವತ್ತು ಓಣಿಯಲ್ಲಿ ನರಪಿಳ್ಳೆಯೂ ಇರಲಿಲ್ಲ. ಬೆಳಗಿನಿಂದ ಹಲಗೆ ಬಾರಿಸಿದ ಹುಡುಗರನ್ನೂ ಒಳಗೆ ಕರೆದುಕೊಂಡು ಬಾಗಿಲು ಹಾಕಿದ್ದರು. ಮಗಳು ಉಂಡೆ ಹಿಡಿದುಕೊಂಡು ನನ್ನ ಪಕ್ಕಕ್ಕೆ ಬಂದು ಕೂತಳು. ಬಾ ಎಂದು ನಾನು ಕರೆದಿರಲಿಲ್ಲ, ಹೋಗು ಎಂದೂ ಹೇಳಲಿಲ್ಲ. ಮೊಬ್ಬಿನಲ್ಲಿ ಚಂದ್ರ ಎದ್ದ, ಒಂದು ಮಗ್ಗುಲು ಮುರಿದ ರೊಟ್ಟಿಯ ಹಾಗೆ.

ಎದುರು ಮನೆಯ ಕಿಟಕಿ ಒಂದಿಷ್ಟು ತೆರೆಯಿತು. "ಟೀಚರ್, ಸಣ್ಣ ಹುಡುಗಿಗಿ ಹೊರಗ ಕುಂದ್ರಸೀರಲ್ಲ" ಎಂದರು ಆ ಮನೆಯಾಕೆ.

"ಹೌದ್ರಿ. ಬರ್ರಿ, ನೀವೂ ಕುಂದ್ರಿ" ಎಂದೆ. ಕಿಟಕಿ ಮುಚ್ಚಿತು.

ಕಿವಿ ಕೂರಿಸುತ್ತಾ, ಮಗಳ ಕಡೆ ನೋಡದೆ ಹೇಳಿದೆ, "ಅವತ್ತ ನೀ ಕೇಳಿದ್ದಿ ಅಲ್ಲ, ಯಾಕ ಮುಚ್ಚಿಟ್ಟಿ ಅಂತ. ಅಂಜಿದ್ದೆ."

"ಯಾರಿಗಿ?"

"ಎಲ್ಲಾರೂ ಅಂದದ್ದು ಖರೇ ಇದ್ರ ಅಂತ ಅಂಜಿದ್ದೆ. ಖರೇ ಅಲ್ಲ ಅಂತ ನನಗ ಗೊತ್ತಿತ್ತು. ಗೊತ್ತಿದ್ರೂ ಅಂಜಿದೆ. ಅದು ನನ್ನ ತಪ್ಪು."

ಅವಳು ಉಂಡೆಯಿಂದ ಒಂದಿಷ್ಟು ದಾರ ಬಿಚ್ಚಿಕೊಟ್ಟಳು. "ಈಗ ಅಂಜಿಕಿ ಇಲ್ಲೇನು?"

"ಈಗ ಸಿಟ್ಟು ಬಂದಾದ."

ಅಷ್ಟರಲ್ಲಿ ಅತ್ತೆ ಒಳಗಿನಿಂದ ಬಂದು ಹೊಸ್ತಿಲ ಒಳಗೆ ನಿಂತಿದ್ದರು. ಹೊರಗೆ ಕಾಲಿಡಲಿಲ್ಲ. ಮೊಮ್ಮಗಳನ್ನು ಒಳಗೆ ಕರೆದರು, ಎರಡನೆಯ ಸಲ ಕರೆದರು, ಮೂರನೆಯ ಸಲ ಅವರ ದನಿಯಲ್ಲಿ ಬೈಗುಳ ಇರಲಿಲ್ಲ, ಬರೀ ಭಯವಿತ್ತು. ನನಗೆ ಒಂದು ಗಳಿಗೆ ಅವರ ಮೇಲೆ ಕನಿಕರ ಬಂತು. ಆದರೂ ಏಳಲಿಲ್ಲ.

ಬಾಯಿ ಹೊಲಿಯುವುದು ಉಳಿದಿತ್ತು. ಅದನ್ನು ಹೇಗೆ ಹೊಲಿಯಬೇಕೆಂದು ಎಷ್ಟೋ ದಿನದಿಂದ ಮನಸ್ಸಿನಲ್ಲೇ ಗೊತ್ತುಮಾಡಿಕೊಂಡಿದ್ದೆ. ಎಡಬದಿಗೆ ಒಂದು ಗೆರೆ, ಮಗಳದೇ ಗೆರೆ. ಎಲ್ಲರೂ ನೋಡಲಿ ಎಂಬ ಠೇಂಕಾರ. ಕರಿ ದಾರ ಪೋಣಿಸಿ ಎಡಕ್ಕೆ ಸೂಜಿ ಚುಚ್ಚಿದೆ.

"ಅಲ್ಲಲ್ಲವ್ವ" ಎಂದಳು ಮಗಳು. "ನಡಬರಕ ಮಾಡು. ಎಡಕ್ಕ ಇರೋದು ನಂದು. ಮೊಲದ್ದು ನಡಬರಕ ಇರತಾದ."

"ನಿನಗ್ಯಾರು ಹೇಳಿದ್ರು?"

"ವಾಡ್ಯಾಗ ನೋಡೀನಿ."

ಸೂಜಿಯನ್ನು ಹಿಂದಕ್ಕೆಳೆದು ಮೂಗಿನ ನಡುವಿನಿಂದ ಕೆಳಕ್ಕೆ ಒಂದು ಗೆರೆ ಹಾಕಿದೆ, ಅಲ್ಲಿಂದ ಎಡಕ್ಕೊಂದು, ಬಲಕ್ಕೊಂದು. ಮೊಲ ಪಕ್ಕಾ ಮೊಲವಾಯಿತು. ನನ್ನ ಠೇಂಕಾರ ಅವಳಿಗೆ ಬೇಕಾಗಿರಲಿಲ್ಲ. ಅವಳಿಗೆ ಬೇಕಾದದ್ದನ್ನು ಅವಳು ವಾಡಿಯ ಜಾಳಿಗೆಯ ಮುಂದೆ ಕೂತು ತಾನೇ ಕಂಡುಕೊಂಡಿದ್ದಳು.

ಮೊಲವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದುಕೊಂಡು, ದಾರ ಇನ್ನೂ ಸೂಜಿಗೆ ಅಂಟಿಕೊಂಡಿದ್ದ ಹಾಗೆಯೇ, ಅವಳು ಹೊಸ್ತಿಲ ಕಡೆ ತಿರುಗಿದಳು.

"ಆಯಿ, ಎಲ್ಲಾ ಮೊಲಕ್ಕೂ ತುಟಿ ಸೀಳೇ ಇರತಾದ. ಒಂದಕ್ಕಲ್ಲ, ಎಲ್ಲಾಕ್ಕೂ. ಅವರವ್ವಗೋಳು ಎಲ್ಲಾರೂ ಗ್ರಹಣದಾಗ ಸೂಜಿ ಹಿಡದಿದ್ರೇನು?"

ಛಲದಿಂದ ಕೇಳಿದ್ದಲ್ಲ ಅದು. ಅವಳಿಗೆ ನಿಜವಾಗಿಯೂ ಉತ್ತರ ಬೇಕಿತ್ತು. ಮುಖ ಮೇಲೆತ್ತಿ ಕಾಯುತ್ತಿದ್ದಳು, ತುಟಿಯ ಮೇಲೆ ಕೈ ಇರಲಿಲ್ಲ.

ಅತ್ತೆ ಆ ಮುಖವನ್ನು ಬಹಳ ಹೊತ್ತು ನೋಡಿದರು. ಬೆಳ್ಳಿ ಚಮಚದಲ್ಲಿ ಹನಿಹನಿಯಾಗಿ ತಾವೇ ಉಣಿಸಿ ಬೆಳೆಸಿದ ಬಾಯಿ ಅದು. ಹೊಸ್ತಿಲಿನಿಂದ ತಿರುಗಿ ಒಳಗೆ ಹೋಗಿಬಿಟ್ಟರು.

ನಾನು ದಾರಕ್ಕೆ ಗಂಟು ಹಾಕಿದೆ. ಇನ್ನು ಕತ್ತರಿಸಬೇಕು, ಕತ್ತರಿ ಟ್ರಂಕಿನಲ್ಲಿದೆ. ಹಲ್ಲಿನಿಂದ ಕಡಿಯುವುದೆಂದು ಮೊಲವನ್ನು ಬಾಯಿಯ ಹತ್ತಿರ ತರುವಾಗ ಒಳಗೆ ಬೀಗ ತೆಗೆದ ಸದ್ದು ಕೇಳಿಸಿತು. ಆ ಟ್ರಂಕಿನ ಮುಚ್ಚಳದ ಕಿರುಗುಟ್ಟುವಿಕೆ ನನಗೆ ಚೆನ್ನಾಗಿ ಗೊತ್ತು. ಗ್ರಹಣ ನಡೆದಿರುವಾಗ ಅದು ತೆರೆದದ್ದನ್ನು ಮದುವೆಯಾಗಿ ಬಂದಾಗಿನಿಂದ ನಾನು ಕೇಳಿರಲಿಲ್ಲ.

ಅತ್ತೆ ಕತ್ತರಿ ಹಿಡಿದುಕೊಂಡು ಬಂದರು. ನಾನು ಕೈ ಚಾಚಿದೆ. ಅವರು ಕೊಡಲಿಲ್ಲ. ಬಾಗಿ, ಅದನ್ನು ಹೊಸ್ತಿಲ ಕಲ್ಲಿನ ಮೇಲೆ ಇಟ್ಟರು.

"ಕೈಯಾಗ ಕೊಡಬಾರದು" ಎಂದರು. "ಜಗಳ ಬರತಾದ."

ಚಂದ್ರನ ಒಂದು ಅಂಚು ಇನ್ನೂ ಕಪ್ಪಾಗಿಯೇ ಇತ್ತು. ನಾನು ಕಲ್ಲಿನ ಮೇಲಿಂದ ಕತ್ತರಿ ಎತ್ತಿಕೊಂಡು ದಾರ ಕತ್ತರಿಸಿದೆ.